ಎಪ್ಪತ್ತು ವರ್ಷದ ಹಿಂದೆ ಹಡಗು ಹತ್ತಿದ ಕಾರಿನ ಜಾಡು

ಪ್ರಶ್ನೆ: ವಿದೇಶದ ಹರಾಜಿನ ಸುದ್ದಿಗಳಲ್ಲಿ ‘ಈ ಜಾಗ್ವಾರ್ ಎಕ್ಸ್‌ಕೆ 120 ಕಾರು 1951ರಲ್ಲಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ರಫ್ತಾದದ್ದು’ ಎಂದು ದಿನಾಂಕದ ಸಮೇತ ಬರೆದಿರುತ್ತಾರೆ. ಅಷ್ಟು ಹಳೆಯ, ಒಂದೇ ಒಂದು ಕಾರು ಎಲ್ಲಿಗೆ ಹೋಯಿತೆಂದು ಈಗ ಹೇಗೆ ಗೊತ್ತಾಗುತ್ತದೆ? ಆ ದಾಖಲೆ ಯಾರ ಹತ್ತಿರ ಇರುತ್ತದೆ? ಮಾರುವವರು ಕತೆ ಕಟ್ಟಿದರೆ ಹಿಡಿಯುವ ದಾರಿ ಇದೆಯೇ? ಭಾರತಕ್ಕೆ ಬಂದ ಹಳೆಯ ಕಾರುಗಳನ್ನೂ ಹೀಗೆ ಹುಡುಕಬಹುದೇ?
– ಹಾಸನದ ಓದುಗರೊಬ್ಬರು

ಉತ್ತರ: ಆ ಕಾರು ಕಾರ್ಖಾನೆಯಿಂದ ಹೊರಟಾಗ ಅಲ್ಲಿಯ ಗುಮಾಸ್ತರೊಬ್ಬರು ಲೆಜರಿನಲ್ಲಿ ಒಂದು ಸಾಲು ಬರೆದಿಟ್ಟಿದ್ದರು. ನಿಮ್ಮ ನಾಲ್ಕೂ ಪ್ರಶ್ನೆಗಳ ಬುಡ ಆ ಸಾಲಿನಲ್ಲಿದೆ. ಲೆಜರು ಉಳಿದಿದ್ದರೆ ಜಾಡು ಸಿಗುತ್ತದೆ. ಬೆಂಕಿಗೋ ಗೆದ್ದಲಿಗೋ ಕಚೇರಿ ಖಾಲಿ ಮಾಡುವವರ ಅವಸರಕ್ಕೋ ಸಿಕ್ಕಿ ಹೋಗಿದ್ದರೆ, ಬೇರೆ ಯಾವ ಕಾಗದವೂ ಅದರ ಜಾಗವನ್ನು ಪೂರ್ತಿ ತುಂಬುವುದಿಲ್ಲ.

ಜಾಗ್ವಾರ್ ಮಟ್ಟಿಗೆ ಅದೃಷ್ಟ ಚೆನ್ನಾಗಿದೆ, ಲೆಜರುಗಳು ಉಳಿದಿವೆ. 1983ರಲ್ಲಿ ಸ್ಥಾಪನೆಯಾದ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಅವನ್ನು ಕಾಪಾಡಿಕೊಂಡು ಬಂದಿದೆ. ಜಾಗ್ವಾರ್ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾ ಮೋಟರ್ಸ್ ಕೊಂಡುಕೊಂಡಿತಾದರೂ ಈ ವಿಚಾರಕ್ಕೆ ಅರ್ಜಿ ಹೋಗಬೇಕಾದದ್ದು ಇಂಗ್ಲೆಂಡಿಗೇ. ಕಾರಿನ ಮಾಲೀಕರು ಚಾಸಿ ನಂಬರು, ಕಾರು ತಮ್ಮದೆಂಬುದಕ್ಕೆ ಪುರಾವೆ ಮತ್ತು ಶುಲ್ಕ ಕಳಿಸಿದರೆ, ಟ್ರಸ್ಟಿನವರು ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ಇವುಗಳ ನಂಬರು, ಕಾರು ತಯಾರಾದ ದಿನ, ರವಾನೆಯಾದ ದಿನ, ಮೊದಲು ಬಳಿದಿದ್ದ ಬಣ್ಣ, ಒಳಗಿನ ಸೀಟಿನ ಬಣ್ಣ, ಯಾವ ವಿತರಕರಿಗೆ ಕಳಿಸಲಾಯಿತು ಎಂಬುದು ಅದರಲ್ಲಿ ಇರುತ್ತದೆ. ಕೆಲವು ಕಾರುಗಳ ವಿಚಾರದಲ್ಲಿ ಮೊದಲು ಕೊಂಡವರ ಹೆಸರು, ಮೊದಲ ನೋಂದಣಿ ಸಂಖ್ಯೆಯೂ ಸಿಗುತ್ತದೆ. ಹರಾಜಿನ ಕ್ಯಾಟಲಾಗಿನಲ್ಲಿ ನೀವು ಓದಿದ ಊರು, ದಿನಾಂಕ ಸಾಮಾನ್ಯವಾಗಿ ಬರುವುದು ಇಲ್ಲಿಂದಲೇ.

ಎಂಜಿ, ಆಸ್ಟಿನ್-ಹೀಲಿ, ಟ್ರಯಂಫ್‌ಗಳ ದಾಖಲೆಗಳಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಡೆ ಹೋಗಬೇಕು. ಪೋರ್ಷೆಯವರ ಹಳೆಯ ದಾಖಲೆಗೆ ಕಾರ್ಡೆಕ್ಸ್ ಎನ್ನುತ್ತಾರೆ, ಮರ್ಸಿಡಿಸ್‌ನವರದು ಡೇಟಾ ಕಾರ್ಡ್. ಹೆಸರು ಬೇರೆಯಾದರೂ ಸಾಲಿನ ಒಳಗಿನ ಹುರುಳು ಹೆಚ್ಚುಕಡಿಮೆ ಒಂದೇ.

ಈ ಒಂದು ಸಾಲಿಗೆ ಇಷ್ಟು ತೂಕ ಏಕೆ ಎಂದು ಕೇಳಬಹುದು. ಬರೆದವರಿಗೆ ಅದರಿಂದ ಏನೂ ಲಾಭವಿರಲಿಲ್ಲ ಎಂಬುದೇ ಕಾರಣ. ಈ ಕಾರು ಮುಂದೆ ಕೋಟಿಗಟ್ಟಲೆ ಬಾಳುತ್ತದೆ, ಅದು ಯಾವ ಊರಿಗೆ ಹೋಯಿತೆಂಬುದಕ್ಕೆ ಜನ ಜಗಳವಾಡುತ್ತಾರೆ ಎಂಬ ಕಲ್ಪನೆ 1951ರ ಗುಮಾಸ್ತರಿಗೆ ಎಲ್ಲಿಂದ ಬರಬೇಕು? ಬಿಲ್ಲು ಮಾಡಲು, ತೆರಿಗೆ ಲೆಕ್ಕ ಕೊಡಲು, ನಾಳೆ ಯಾರಾದರೂ ಬಿಡಿಭಾಗ ಕೇಳಿದರೆ ಯಾವುದು ಹೊಂದುತ್ತದೆಂದು ತಿಳಿಯಲು ಅವರು ಬರೆದರು. ಆಮೇಲೆ ಹುಟ್ಟಿದ ಕಾಗದಗಳಿಗೆಲ್ಲ ಕಾರಿನ ಬೆಲೆ ಏರಿಸುವ ಆಸೆ ಸ್ವಲ್ಪವಾದರೂ ಅಂಟಿಕೊಂಡಿರುವ ಸಾಧ್ಯತೆ ಇದೆ. ಲೆಜರಿಗೆ ಅದು ಇಲ್ಲ.

ಅದರಲ್ಲೂ ರಫ್ತಿನ ಲೆಕ್ಕ ಮುಖ್ಯವಾಗಿದ್ದ ಕಾಲ ಅದು. ಎರಡನೇ ಮಹಾಯುದ್ಧದಲ್ಲಿ ಗೆದ್ದ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು, ಡಾಲರ್ ತುರ್ತಾಗಿ ಬೇಕಿತ್ತು. ಉಕ್ಕಿನ ಹಂಚಿಕೆ ಸರ್ಕಾರದ ಕೈಯಲ್ಲಿತ್ತು. ಹೊರದೇಶಕ್ಕೆ ಮಾರುವ ಕಾರ್ಖಾನೆಗೆ ಉಕ್ಕು ಸಿಗುತ್ತಿತ್ತು, ದೇಶದೊಳಗೇ ಮಾರುತ್ತೇನೆಂದವರು ಬಾಗಿಲು ಕಾಯಬೇಕಿತ್ತು. ಜಾಗ್ವಾರ್ ಒಡೆಯ ವಿಲಿಯಂ ಲಯನ್ಸ್ ಸರ್ಕಾರದ ಮುಂದೆ ದೊಡ್ಡ ರಫ್ತು ಯೋಜನೆಯನ್ನೇ ಇಟ್ಟು ಉಕ್ಕು ಪಡೆದರು. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಕಾಣಿಸಿಕೊಂಡಾಗ ಅದರ ಮೂಲ ಬೆಲೆ 998 ಪೌಂಡ್. ಆಗ ಸಾವಿರ ಪೌಂಡ್ ದಾಟಿದ ಕಾರಿಗೆ ಖರೀದಿ ತೆರಿಗೆ ಇಮ್ಮಡಿಯಾಗುತ್ತಿತ್ತು. ಹೆಸರಿನಲ್ಲಿರುವ 120 ಗಂಟೆಗೆ ಅಷ್ಟು ಮೈಲಿ ಓಡುತ್ತದೆಂಬ ಭರವಸೆ. ಅನುಮಾನಪಟ್ಟವರ ಬಾಯಿ ಮುಚ್ಚಿಸಲು 1949ರ ಮೇ 30ರಂದು ಬೆಲ್ಜಿಯಂನ ಯಾಬೆಕೆ ಹೆದ್ದಾರಿಯಲ್ಲಿ ಓಡಿಸಿದಾಗ ವೇಗ ಗಂಟೆಗೆ 132.6 ಮೈಲಿ, ಅಂದರೆ 213 ಕಿಲೋಮೀಟರ್ ಮುಟ್ಟಿತು. ಆ ಕಾರಿನ ಪ್ಲೇಟಿನ ಮೇಲೆ ಎಚ್‌ಕೆವಿ 500 ಎಂದಿತ್ತು. ಕೆವಿ ಎಂಬುದು ಕವೆಂಟ್ರಿಯ ಗುರುತು, ಜಾಗ್ವಾರ್ ಕಾರ್ಖಾನೆ ಇದ್ದ ಊರಿನದು.

1954ರವರೆಗೆ 12,000 ಚಿಲ್ಲರೆ ಎಕ್ಸ್‌ಕೆ 120ಗಳು ತಯಾರಾದವು, ಬಹುಪಾಲು ಹಡಗು ಹತ್ತಿದವು. ದೇಶದೊಳಗೆ ಮಾರಿದ ಕಾರಿಗೆ ಖರೀದಿ ತೆರಿಗೆ ಇತ್ತು, ರಫ್ತಿಗೆ ಇರಲಿಲ್ಲ. ಹಾಗಾಗಿ ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ಹೇಗೆಂದರೆ ಹಾಗೆ ಬರೆಯುವಂತಿರಲಿಲ್ಲ.

ಲೆಜರು ತೆರೆಯುವ ಮೊದಲೇ ಕಾರಿನ ಮೈಮೇಲಿನ ನಂಬರು ಅರ್ಧ ಉತ್ತರ ಹೇಳಿಬಿಡುತ್ತದೆ. ಎಕ್ಸ್‌ಕೆ 120ರ ತೆರೆದ ಮಾದರಿಯಲ್ಲಿ ಬಲಗಡೆ ಸ್ಟೀರಿಂಗ್ ಇರುವವು 660001ರಿಂದ, ಎಡಗಡೆಯವು 670001ರಿಂದ ಶುರುವಾಗುತ್ತವೆ. ಹಾಲಿವುಡ್ ನಟ ಕ್ಲಾರ್ಕ್ ಗೇಬಲ್ ಕೈಸೇರಿದ ಕಾರು 670003. ಎಡ ಸ್ಟೀರಿಂಗಿನ ಸಾಲಿನಲ್ಲಿ ಮೂರನೆಯದು, ಹಾಗಾಗಿ ಅಮೆರಿಕಕ್ಕೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ 66ರಿಂದ ಶುರುವಾಗುವ ಕಾರಾದರೆ ಬ್ರಿಟನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಭಾರತ ಇಂಥ ಕಡೆ ಹುಡುಕಬೇಕು. ಎಂಜಿನ್ ನಂಬರಿನ ಬಾಲದಲ್ಲಿರುವ 7 ಅಥವಾ 8 ಎಂಬ ಅಂಕಿ ಎಂಜಿನ್ ಇಂಧನವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದನ್ನು ಹೇಳುತ್ತದೆ. ಪೆಟ್ರೋಲ್ ಗುಣಮಟ್ಟ ಕಡಿಮೆ ಇದ್ದ ಕಡೆಗೆ 7 ಹೊಂದುತ್ತಿತ್ತು.

ಎಂಜಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಾರುಕಟ್ಟೆಯನ್ನೇ ನಂಬರಿನೊಳಗೆ ಕೂರಿಸಿದರು. 1955ರಲ್ಲಿ ಬಂದ ಎಂಜಿಎ 1500 ಕಾರಿನ ಮೇಲೆ ‘ಎಚ್‌ಡಿಎ 43’ ಎಂದು ಶುರುವಾಗುವ ನಂಬರು ಇದೆ ಎಂದಿಟ್ಟುಕೊಳ್ಳಿ. ಎಚ್ ಎಂದರೆ ಕಾರಿನ ಮಾದರಿ, ಡಿ ಎಂದರೆ ತೆರೆದ ಬಾಡಿ, ಎ ಎಂದರೆ ಕಪ್ಪು ಬಣ್ಣ. ಮುಂದಿನ 4 ನಮಗೆ ಬೇಕಾದದ್ದು. ಅಲ್ಲಿ 1 ಇದ್ದರೆ ಬ್ರಿಟನ್ನಿಗೆ, 2 ಇದ್ದರೆ ಬಲ ಸ್ಟೀರಿಂಗಿನ ರಫ್ತು, 3 ಇದ್ದರೆ ಎಡ ಸ್ಟೀರಿಂಗಿನ ರಫ್ತು, 4 ಇದ್ದರೆ ಉತ್ತರ ಅಮೆರಿಕ. 5, 6 ಇದ್ದರೆ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಹೋಗಿ ಹೊರದೇಶದಲ್ಲಿ ಜೋಡಣೆಯಾದ ಕಾರು. ಕೊನೆಯ 3 ಯಾವ ಬಗೆಯ ಪೇಂಟ್ ಎಂಬುದರ ಗುರುತು. 1962ರವರೆಗೆ ತಯಾರಾದ 1,01,081 ಎಂಜಿಎಗಳಲ್ಲಿ ಬ್ರಿಟನ್ನಿನೊಳಗೆ ಮಾರಾಟವಾದದ್ದು 5,869 ಮಾತ್ರ. ಇವತ್ತು ಇಂಗ್ಲೆಂಡಿನ ರಸ್ತೆಯಲ್ಲಿ ಕಾಣುವ ಎಂಜಿಎಗಳಲ್ಲಿ ಎಷ್ಟೋ ಕಾರುಗಳು ಅಮೆರಿಕದಲ್ಲಿ ಅರ್ಧ ಆಯಸ್ಸು ಕಳೆದು ಊರಿಗೆ ಮರಳಿದವು. ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಕೊಂಡಿದ್ದರೂ ನಂಬರಿನೊಳಗಿನ 4 ಅದನ್ನು ಬಿಟ್ಟುಕೊಡುತ್ತದೆ.

ಇದೇ ಕುಟುಂಬದ ಅಪರೂಪದ ಕೂಸು ಟ್ವಿನ್ ಕ್ಯಾಮ್. 1958ರಲ್ಲಿ ಬಂತು, 108 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಪಿಸ್ಟನ್ ಸುಟ್ಟುಹೋಗುವ ತೊಂದರೆಯಿಂದ ಹೆಸರು ಕೆಟ್ಟು 1960ರಲ್ಲೇ ನಿಂತುಹೋಯಿತು. ಇದರ ನಂಬರು ವೈ ಅಕ್ಷರದಿಂದ ಶುರುವಾಗುತ್ತದೆ, ಸರಣಿ 501ರಿಂದ 2611ರವರೆಗೆ, ಅಂದರೆ ಒಟ್ಟು 2,111 ಕಾರುಗಳು. 2700 ಎಂಬ ನಂಬರಿನ ಟ್ವಿನ್ ಕ್ಯಾಮ್ ಯಾರಾದರೂ ತೋರಿಸಿದರೆ ಇಂಗ್ಲೆಂಡಿಗೆ ಪತ್ರ ಬರೆಯುವ ಖರ್ಚೂ ಬೇಡ. ಆದರೆ ಸರಣಿ ಎಲ್ಲಿಂದ ಶುರುವಾಯಿತೆಂಬುದು ಗೊತ್ತಿರಬೇಕು. ಎಂಜಿ ಟಿಸಿ ಕಾರಿನ ಸರಣಿ 0251ರಿಂದ ಶುರುವಾಗುತ್ತದೆ, ಏಕೆಂದರೆ ಅಬಿಂಗ್‌ಡನ್ ಊರಿನಲ್ಲಿದ್ದ ಎಂಜಿ ಕಾರ್ಖಾನೆಯ ಫೋನ್ ನಂಬರು 251. ಇದು ತಿಳಿಯದವರು 0260ನ್ನು ಇನ್ನೂರ ಅರವತ್ತನೆಯ ಕಾರೆಂದು ತಿಳಿದಾರು. ನಿಜಕ್ಕೂ ಅದು ಹತ್ತನೆಯದು.

ಇನ್ನು ಲೆಜರು ಹೇಳದ ಮಾತುಗಳು. ಕ್ಯಾಟಲಾಗು ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

‘ನ್ಯೂಯಾರ್ಕ್’ ಎಂದು ಬರೆದಿದ್ದರೆ ಕಾರು ನ್ಯೂಯಾರ್ಕಿನಲ್ಲಿ ಓಡಿತೆಂದು ಅರ್ಥವಲ್ಲ. ಅಲ್ಲಿದ್ದದ್ದು ವಿತರಕರು. ಎಕ್ಸ್‌ಕೆ 120ರ ಕಾಲದಲ್ಲಿ ಅಮೆರಿಕದ ಪೂರ್ವ ಭಾಗಕ್ಕೆ ನ್ಯೂಯಾರ್ಕಿನ ಮ್ಯಾಕ್ಸ್ ಹಾಫ್‌ಮನ್, ಪಶ್ಚಿಮಕ್ಕೆ ಲಾಸ್ ಏಂಜಲೀಸಿನ ಚಾರ್ಲ್ಸ್ ಹಾರ್ನ್‌ಬರ್ಗ್ ಜಾಗ್ವಾರ್ ತರಿಸುತ್ತಿದ್ದರು. ಹಾಫ್‌ಮನ್ ಹೆಸರಿಗೆ ಹೋದ ಕಾರು ಒಳನಾಡಿನ ಯಾವ ಡೀಲರಿನ ಅಂಗಡಿಗಾದರೂ ಹೋಗಿರಬಹುದು. ಆ ಮುಂದಿನ ದಾರಿ ಕವೆಂಟ್ರಿಯ ಲೆಜರಿನಲ್ಲಿರುವುದಿಲ್ಲ. ಅದಕ್ಕೆ ಡೀಲರಿನ ಬಿಲ್ಲು, ಆ ರಾಜ್ಯದ ಮಾಲೀಕತ್ವದ ಪತ್ರ, ಹಳೆಯ ಇನ್ಶೂರೆನ್ಸ್ ಕಾಗದ, ಮನೆಯವರ ಆಲ್ಬಮ್ಮಿನ ಫೋಟೋ ಇವನ್ನೇ ಹುಡುಕಬೇಕು.

ದಿನಾಂಕವೂ ಒಂದಲ್ಲ, ಮೂರು. ತಯಾರಾದ ದಿನ, ರವಾನೆಯಾದ ದಿನ, ಮೊದಲು ಮಾರಾಟವಾದ ದಿನ. ಹಡಗಿನ ಪಯಣ, ಡೀಲರಿನ ಅಂಗಡಿಯಲ್ಲಿ ಕಾಯುವಿಕೆ ಸೇರಿ ಇವುಗಳ ನಡುವೆ ತಿಂಗಳುಗಳೇ ಕಳೆಯುತ್ತಿದ್ದವು. ಅಮೆರಿಕದಲ್ಲಿ ಎಷ್ಟೋ ಬಾರಿ ಮಾರಿದ ವರ್ಷವನ್ನೇ ಕಾರಿನ ವರ್ಷವೆಂದು ನೋಂದಾಯಿಸುತ್ತಿದ್ದರು. ಹಾಗಾಗಿ 1951ರ ಕಾರಿನ ಕಾಗದದಲ್ಲಿ 1952 ಎಂದಿದ್ದರೆ ಮೋಸವೆಂದು ಹಾರಾಡಬೇಕಿಲ್ಲ.

‘ರಫ್ತು’ ಎಂದಿದ್ದ ಕಾರು ಕೂಡಲೇ ದೇಶ ಬಿಟ್ಟಿತೆಂದೂ ಹೇಳುವಂತಿಲ್ಲ. ಬ್ರಿಟನ್ನಿಗೆ ಬಂದ ಪ್ರವಾಸಿಗರು, ಅಲ್ಲಿದ್ದ ಅಮೆರಿಕನ್ ಸೈನಿಕರು ತೆರಿಗೆಯಿಲ್ಲದೆ ಕಾರು ಕೊಂಡು, ಕೆಲವು ತಿಂಗಳು ಯುರೋಪಿನಲ್ಲಿ ಓಡಾಡಿ, ಆಮೇಲೆ ಜೊತೆಗೆ ಒಯ್ಯುವ ವ್ಯವಸ್ಥೆ ಇತ್ತು. ಅಂಥ ಕಾರು ಬ್ರಿಟಿಷ್ ಪ್ಲೇಟ್ ಹಾಕಿಕೊಂಡೇ ಬದುಕು ಶುರು ಮಾಡುತ್ತಿತ್ತು. ಆ ನೋಂದಣಿಯ ಕಡೆಯಿಂದ ಹುಡುಕಲು ಹೊರಟರೆ ಇನ್ನೊಂದು ಅಡ್ಡಿ. ಹಿಂದೆ ಬ್ರಿಟನ್ನಿನಲ್ಲಿ ವಾಹನ ನೋಂದಣಿ ಆಯಾ ಜಿಲ್ಲೆಯ ಕಚೇರಿಗಳಲ್ಲಿತ್ತು. 1970ರ ದಶಕದಲ್ಲಿ ಎಲ್ಲವೂ ಸ್ವಾನ್‌ಸಿಯ ಕಂಪ್ಯೂಟರಿಗೆ ಹೋದಾಗ ಎಷ್ಟೋ ಊರುಗಳ ಹಳೆಯ ರಿಜಿಸ್ಟರುಗಳು ಕಸಕ್ಕೆ ಬಿದ್ದವು. ಉಳಿದವು ಜಿಲ್ಲಾ ದಾಖಲೆ ಕಚೇರಿಗಳಲ್ಲಿ, ಡ್ರಾಯ್ಟ್‌ವಿಚ್ ಊರಿನ ಕಿಟ್‌ಹೆಡ್ ಟ್ರಸ್ಟಿನಲ್ಲಿ ಸಿಗುತ್ತವೆ.

ಮಾರುವವರು ಕತೆ ಕಟ್ಟಿದರೆ ಎಂಬ ನಿಮ್ಮ ಮಾತಿಗೆ ಬರೋಣ. ಇದಕ್ಕೆ ಜಾಗ್ವಾರ್ ಎಕ್ಸ್‌ಕೆಎಸ್‌ಎಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಲೆ ಮಾನ್ಸ್ ರೇಸನ್ನು 1955, 56, 57 ಮೂರೂ ವರ್ಷ ಗೆದ್ದ ಡಿ-ಟೈಪ್ ಕಾರುಗಳಲ್ಲಿ ಕೆಲವು ಮಾರಾಟವಾಗದೆ ಉಳಿದಿದ್ದವು. ಅವಕ್ಕೆ ಇನ್ನೊಂದು ಬಾಗಿಲು, ಅಗಲದ ಗಾಜು ಕೂರಿಸಿ, ಚಾಲಕನ ಬೆನ್ನ ಹಿಂದಿನ ರೆಕ್ಕೆ ತೆಗೆದು, ರಸ್ತೆಯಲ್ಲಿ ಓಡುವ ಕಾರಾಗಿ 1957ರ ಜನವರಿಯಲ್ಲಿ ಪ್ರಕಟಿಸಿದರು. ಕಣ್ಣು ಅಮೆರಿಕದ ಮೇಲಿತ್ತು. ಫೆಬ್ರವರಿ 12ರ ರಾತ್ರಿ ಜಾಗ್ವಾರ್‌ನ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿತ್ತು. ಪರಿವರ್ತನೆಗೆ ಕಾದಿದ್ದ ಒಂಬತ್ತು ಕಾರುಗಳು ಸುಟ್ಟುಹೋದವು, ಪೂರ್ಣಗೊಂಡವು ಹದಿನಾರೇ. ಬಹುಪಾಲು ಅಮೆರಿಕಕ್ಕೆ ಹೋದವು. ಹಾಂಕಾಂಗ್ ಕಡೆಗೂ ಒಂದು ಹೋಯಿತು. 1960ರ ಮಕಾವ್ ಗ್ರ್ಯಾಂಡ್ ಪ್ರಿಯನ್ನು ಮಾರ್ಟಿನ್ ರೆಡ್‌ಫರ್ನ್ ಗೆದ್ದದ್ದು ಎಕ್ಸ್‌ಕೆಎಸ್‌ಎಸ್‌ನಲ್ಲೇ.

ಹದಿನಾರೇ ಕಾರುಗಳಾದ್ದರಿಂದ ಪ್ರತಿಯೊಂದರ ಸಾಲೂ ತಜ್ಞರಿಗೆ ಬಾಯಿಪಾಠ. ಆದರೂ ತೊಡಕು ತಪ್ಪಿದ್ದಲ್ಲ. ಈ ಕಾರುಗಳಿಗೆ ಎರಡು ನಂಬರು: ಡಿ-ಟೈಪ್ ಆಗಿ ಹುಟ್ಟಿದಾಗಿನ ಎಕ್ಸ್‌ಕೆಡಿ ಸರಣಿಯದು ಒಂದು, ಪರಿವರ್ತನೆಯಾದಾಗ ಸಿಕ್ಕ ಎಕ್ಸ್‌ಕೆಎಸ್‌ಎಸ್ ನಂಬರು ಇನ್ನೊಂದು. ಜೊತೆಗೆ ಜಾಗ್ವಾರ್ ಕಂಪನಿಯೇ 2016ರಲ್ಲಿ, ಸುಟ್ಟುಹೋದ ಒಂಬತ್ತರ ಬದಲಿಗೆ ಒಂಬತ್ತು ಹೊಸ ಎಕ್ಸ್‌ಕೆಎಸ್‌ಎಸ್ ಕಟ್ಟುವುದಾಗಿ ಘೋಷಿಸಿತು. ಅವು ಕಾರ್ಖಾನೆಯವೇ ಹೌದು, 1957ರವು ಅಲ್ಲ. ನಟ ಸ್ಟೀವ್ ಮೆಕ್ವೀನ್ ಇಟ್ಟುಕೊಂಡಿದ್ದ ಎಕ್ಸ್‌ಕೆಎಸ್‌ಎಸ್ 713 ಈಗ ಲಾಸ್ ಏಂಜಲೀಸಿನ ಪೀಟರ್‌ಸನ್ ಮ್ಯೂಸಿಯಂನಲ್ಲಿದೆ, ಎಲ್ಲ ಚಿತ್ರಗಳಲ್ಲೂ ಕಡುಹಸಿರು. ಅದು ಕಾರ್ಖಾನೆಯಿಂದ ಬಂದದ್ದು ತಿಳಿ ಬಣ್ಣದಲ್ಲಿ, ಹಸಿರು ಬಳಿಸಿದ್ದು ಮೆಕ್ವೀನ್. ಕಾಗದಕ್ಕೂ ಕಾರಿಗೂ ಬಣ್ಣ ಹೊಂದಲಿಲ್ಲವೆಂದು ಅದನ್ನು ನಕಲಿ ಎನ್ನುತ್ತೀರಾ? ವ್ಯತ್ಯಾಸ ಯಾವಾಗ, ಯಾರಿಂದ ಆಯಿತೆಂಬುದು ಗೊತ್ತಿದ್ದರೆ ಅದೂ ಕಾರಿನ ಚರಿತ್ರೆಯ ಭಾಗವೇ. ವಿವರಣೆ ಇಲ್ಲದ ವ್ಯತ್ಯಾಸ ಕಂಡಾಗ ಕಿವಿ ನಿಮಿರಬೇಕು.

ನಿಜವಾದ ಮೋಸ ಬೇರೆ ಬಗೆಯದು. ನಂಬರಿನ ತಗಡಿನ ಪ್ಲೇಟುಗಳು ಹೊಸದಾಗಿ ಅಚ್ಚಾಗಿ ಮಾರಾಟಕ್ಕೇ ಸಿಗುತ್ತವೆ. ಕೊಳೆತು ಹೋದ ಕಾರಿನ ಅಸಲಿ ದಾಖಲೆಯನ್ನು ಬೇರೊಂದು ಕಾರಿಗೆ ಅಂಟಿಸಬಹುದು. 1955ರಿಂದ ಈಚಿನ ಡಿ-ಟೈಪ್‌ಗಳಲ್ಲಿ ಮುಂಭಾಗದ ಚೌಕಟ್ಟನ್ನು ಬೋಲ್ಟ್ ಬಿಚ್ಚಿ ಬೇರೆ ಮಾಡಬಹುದಿತ್ತು. ರೇಸಿನಲ್ಲಿ ಜಜ್ಜಿಹೋದ ಕಾರಿನ ಚೌಕಟ್ಟು ಒಬ್ಬರ ಪಾಲಾಗಿ, ಬಾಡಿ ಇನ್ನೊಬ್ಬರ ಪಾಲಾಗಿ, ಎರಡರ ಸುತ್ತಲೂ ಒಂದೊಂದು ಪೂರ್ತಿ ಕಾರು ಬೆಳೆದು, ಇಬ್ಬರೂ ಒಂದೇ ನಂಬರಿಗೆ ಹಕ್ಕು ಸಾಧಿಸಿದ ವ್ಯಾಜ್ಯಗಳಿವೆ. ಇಂಥಲ್ಲಿ ಲೆಜರಿನ ಸಾಲು ಇಬ್ಬರಿಗೂ ಸತ್ಯವೇ, ತೀರ್ಪು ಕೊಡುವ ಶಕ್ತಿ ಅದಕ್ಕಿಲ್ಲ.

ಹಾಗಾಗಿ ತಜ್ಞರು ಒಂದೇ ನಂಬರನ್ನು ನೆಚ್ಚುವುದಿಲ್ಲ. ಜಮೀನು ಕೊಳ್ಳುವವರು ಪಹಣಿಯಲ್ಲಿ ಸರ್ವೆ ನಂಬರು ನೋಡಿ ಸುಮ್ಮನಾಗದೆ ಚಕ್ಕುಬಂದಿ ಹಿಡಿದು ನಾಲ್ಕೂ ಕಡೆ ನಡೆದು ನೋಡುವ ಹಾಗೆ, ಇಲ್ಲಿ ಚಾಸಿ, ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಗೇರ್‌ಬಾಕ್ಸ್, ಬಾಡಿ ಇವುಗಳ ಮೇಲೆ ಒತ್ತಿರುವ ನಂಬರುಗಳನ್ನು ಒಂದೊಂದಾಗಿ ಸರ್ಟಿಫಿಕೇಟಿಗೆ ತಾಳೆ ನೋಡುತ್ತಾರೆ. ತಗಡಿನ ಪ್ಲೇಟನ್ನು ಕೊನೆಗೆ ನೋಡುತ್ತಾರೆ. ಕಬ್ಬಿಣದಲ್ಲಿ ಒತ್ತಿದ ಅಂಕಿಯ ಆಕಾರ, ಆಳ, ಸುತ್ತ ಗ್ರೈಂಡರ್ ಉಜ್ಜಿದ ಗೆರೆಗಳು ಅನುಭವಿಗಳ ಕಣ್ಣಿಗೆ ಬೇಗ ಬೀಳುತ್ತವೆ.

ಭಾರತದ ಕಾರುಗಳನ್ನೂ ಹೀಗೆ ಹುಡುಕಬಹುದು, ಅದೇ ಲೆಜರುಗಳಲ್ಲಿ. ಬ್ರಿಟಿಷ್ ಕಾರೊಂದು ನೇರವಾಗಿ ಇಲ್ಲಿಗೆ ಹೊಸದಾಗಿ ಬಂದಿದ್ದರೆ ಸರ್ಟಿಫಿಕೇಟಿನಲ್ಲಿ ನಮ್ಮ ಬಂದರು ನಗರದ ವಿತರಕರ ಹೆಸರು ಇರಬೇಕು. ಆದರೆ ಇಲ್ಲಿಗೆ ಹಾಗೆ ಬರುವ ಬಾಗಿಲು ಬೇಗ ಕಿರಿದಾಯಿತು. ಸ್ವದೇಶಿ ತಯಾರಿಕೆಗೆ ಒತ್ತು ಬಿದ್ದು, 1950ರ ದಶಕದ ಮಧ್ಯದ ಹೊತ್ತಿಗೆ ಇಲ್ಲಿ ಕಾರು ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟರ್ಸ್ ಕೂಡ ಗಂಟುಮೂಟೆ ಕಟ್ಟಿದ್ದವು. 1961ರಲ್ಲಿ ಬಂದ ಇ-ಟೈಪ್‌ನಂಥ ಕಾರು ಭಾರತದಲ್ಲಿ ಕಂಡರೆ ಅದರ ಲೆಜರಿನಲ್ಲಿ ಬೇರೆ ದೇಶದ ಹೆಸರಿದ್ದರೂ ಗಾಬರಿ ಬೇಡ. ರಾಯಭಾರ ಕಚೇರಿಯವರೊಂದಿಗೆ ಬಂದು, ಅವರು ಮರಳುವಾಗ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದ ವಿದೇಶಿ ಕಾರುಗಳು ಬಹಳ. ಅಂಥ ಕಾರಿಗೆ ಆ ಮಾರಾಟದ ಕಾಗದ, ಕಸ್ಟಮ್ಸ್ ರಸೀದಿ ಎರಡನೆಯ ಜನ್ಮದ ದಾಖಲೆ.

ಕರ್ನಾಟಕದ ಮಟ್ಟಿಗೆ ಹಳೆಯ ಆರ್‌ಸಿ ಬುಕ್ಕನ್ನು ಮೊದಲು ಹುಡುಕಿ. ಎಂವೈ ಎಂದು ಶುರುವಾಗುವ ನಂಬರು ಮೈಸೂರು ರಾಜ್ಯದ ಕಾಲದ್ದು, ಈಗಿನ ಕೆಎ 1989ರಿಂದ ಈಚಿನದು. ಆ ಬುಕ್ಕಿನಲ್ಲಿ ಚಾಸಿ, ಎಂಜಿನ್ ನಂಬರು, ಒಬ್ಬರ ಕೆಳಗೊಬ್ಬರಂತೆ ಮಾಲೀಕರ ಹೆಸರು, ವರ್ಗಾವಣೆಯ ಮೊಹರು ಇರುತ್ತವೆ. ಪುಟ ಹರಿದಿದೆಯೆಂದು ಎಸೆದವರೂ, ಹೊಸ ಬುಕ್ ಮಾಡಿಸಿ ಹಳೆಯದನ್ನು ರದ್ದಿಗೆ ಹಾಕಿದವರೂ ಸ್ವಲ್ಪಮಂದಿಯಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ನೋಂದಣಿ ಹತ್ತು ವರ್ಷಕ್ಕೆ. ಹೊಸ ನಂಬರು ಮಾಡಿಸಿದರೂ ಹಳೆಯ ಬುಕ್ಕನ್ನು ಮಾತ್ರ ಬಿಡಬೇಡಿ.

ಮುಂದಿನ ಸಲ ಹರಾಜಿನ ಸುದ್ದಿ ಓದುವಾಗ ಮೂರು ಮಾತು ಕೇಳಿಕೊಳ್ಳಿ. ರಫ್ತಿನ ದಿನಾಂಕ ಕಾರ್ಖಾನೆಯ ದಾಖಲೆಯಿಂದ ಬಂದದ್ದೋ, ಹಿಂದಿನ ಮಾಲೀಕರ ಬಾಯಿಂದಲೋ? ಸರ್ಟಿಫಿಕೇಟಿನ ಎಷ್ಟು ನಂಬರುಗಳು ಕಾರಿನ ಮೈಮೇಲೆ ಈಗಲೂ ಇವೆ? ರವಾನೆಯಾದ ದಿನದಿಂದ ಇಂದಿನವರೆಗೆ ಯಾವ ವರ್ಷಗಳಿಗೆ ಕಾಗದವೇ ಇಲ್ಲ? ಒಂದು ನಂಬರನ್ನು ಕೆತ್ತಬಹುದು, ಒಂದು ಬಿಲ್ಲನ್ನು ಅಚ್ಚು ಹಾಕಿಸಬಹುದು. ಆದರೆ ಒಬ್ಬರನ್ನೊಬ್ಬರು ಕಂಡೇ ಇರದ ಕವೆಂಟ್ರಿಯ ಗುಮಾಸ್ತ, ನ್ಯೂಯಾರ್ಕಿನ ವಿತರಕ, ಯಾವುದೋ ಊರಿನ ನೋಂದಣಿ ಕಚೇರಿಯವರು ಬೇರೆ ಬೇರೆ ಕಾರಣಕ್ಕೆ ಬರೆದ ಬರಹಗಳೆಲ್ಲ ಒಂದೇ ಸುಳ್ಳಿಗೆ ಹೊಂದುವಂತೆ ಮಾಡುವುದು ಬಲು ಕಷ್ಟದ ಕೆಲಸ. ಸುಳ್ಳು ಹೇಳುವವರು ಸಿಕ್ಕಿಬೀಳುವುದು ಸಾಮಾನ್ಯವಾಗಿ ಆ ಕೊನೆಯ ಪ್ರಶ್ನೆಯ ಹತ್ತಿರ.